ನೀರು ಹಾಕುವ ಗಂಗಲಕ್ಷ್ಮಮ್ಮ

ಗುಬ್ಬಿ ಹತ್ತಿರದ ಕಡಬದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ನೆನಪಾಗುತ್ತಿದ್ದುದು ಗಂಗಲಕ್ಷ್ಮಮ್ಮ. ಹೆರಿಗೆ ಮಾಡಿಸುವುದಕ್ಕಲ್ಲ, ಅದಕ್ಕೆ ಆಸ್ಪತ್ರೆಗಳಿವೆ. ಹೆತ್ತು ಮನೆಗೆ ಬಂದ ಬಾಣಂತಿಗೆ ನೀರು ಹಾಕುವುದಕ್ಕೆ. ತೆಂಗಿನ ಮಟ್ಟೆ ಉರಿಸಿ ಹಂಡೆ ತುಂಬ ನೀರು ಕಾಯಿಸಿ, ಬಾಣಂತಿಯ ಮೈಗೆ ಹರಳೆಣ್ಣೆ ತಿಕ್ಕಿ, ಬಚ್ಚಲಲ್ಲಿ ಕೂರಿಸಿ, ಚೆಂಬಿನಲ್ಲಿ ಮೊಗೆದು ಸೊಂಟಕ್ಕೂ ಹೊಟ್ಟೆಗೂ ರಪ್ಪರಪ್ಪನೆ ಎರಚಬೇಕು. ನೀರು ಎಷ್ಟು ಬಿಸಿಯಿರಬೇಕು, ಎಷ್ಟು ದೂರದಿಂದ ಬೀಳಬೇಕು ಎಂದು ಯಾರೂ ಬಾಯಲ್ಲಿ ಹೇಳಿಕೊಡಲಾರರು. ಅದು ಕೈಗೆ ಗೊತ್ತಿರಬೇಕು. ಗಂಗಲಕ್ಷ್ಮಮ್ಮನ ಕೈಗೆ ಅದು ಅವಳ ತಾಯಿಯಿಂದ ಬಂದಿತ್ತು. ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಹಳೆಯ ಹತ್ತಿ ಸೀರೆಯಿಂದ ಹೊಟ್ಟೆಯನ್ನು ಬಿಗಿದು ಕಟ್ಟಿ ಮಲಗಿಸಿದಳೆಂದರೆ ಬಾಣಂತಿ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. "ಗಂಗಲಕ್ಷ್ಮಮ್ಮ ನೀರು ಹಾಕಿದ ಮೈ ಮುದುಕಿಯಾದ್ರೂ ನೋಯಾಕಿಲ್ಲ" ಎಂದು ಊರಿನ ಹೆಂಗಸರು ಹೇಳುತ್ತಿದ್ದರು.

ಅಂಥವಳು ಮೂರು ವರ್ಷದಿಂದ ಯಾರ ಮನೆಗೂ ಹೋಗಿಲ್ಲ. ಕರೆಯಲು ಬಂದವರಿಗೆ, "ಕೈ ನೋವು ಕಣವ್ವ, ಚೆಂಬು ಎತ್ತಕ್ಕಾಗಲ್ಲ" ಎನ್ನುತ್ತಾಳೆ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ನೂರು ಮಕ್ಕಳ ಸಾರಿನ ಪಾತ್ರೆಯನ್ನು ಅವಳು ಅದೇ ಕೈಯಿಂದ ಒಲೆಯ ಮೇಲಿಂದ ಇಳಿಸುತ್ತಾಳೆ. ಊರು ಅದನ್ನು ದಿನವೂ ನೋಡುತ್ತದೆ. ಆದರೂ ಯಾರೂ ಏನೂ ಕೇಳಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಮಾನಸಾ. ಗಂಡ ಕಾಳಯ್ಯನಿಗೆ ಕೆರೆಯ ಕೆಳಗೆ ಒಂದಿಷ್ಟು ತೆಂಗಿನ ಮರ, ಮೇಲುಗಡೆ ರಾಗಿ ಹೊಲ. ಮಗಳನ್ನು ಗುಬ್ಬಿಯ ಕಾಲೇಜಿನಲ್ಲಿ ಡಿಗ್ರಿ ಓದಿಸಿ, ಕುಣಿಗಲ್ ಕಡೆಯ ಭಾನುಪ್ರಕಾಶನಿಗೆ ಕೊಟ್ಟರು. ಅವನಿಗೆ ತುಮಕೂರಿನಲ್ಲಿ ಫ್ಯಾಕ್ಟರಿ ಕೆಲಸ, ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ. ಅವನ ತಾಯಿ ಕದರಮ್ಮ ಇರುವುದು ಕುಣಿಗಲ್ ಕೆರೆಯಾಚೆಯ ಹಳ್ಳಿಯಲ್ಲಿ. ಮಾತಿನಲ್ಲಿ ಖಾರ, ಕೆಲಸದಲ್ಲಿ ಚುರುಕು. ನಾಲ್ಕು ಮಕ್ಕಳನ್ನು ತನ್ನ ಮನೆಯ ನಡುಮನೆಯಲ್ಲೇ ಹೆತ್ತವಳು.

ಮೊದಲ ಹೆರಿಗೆ ತವರಿನದು, ಎರಡನೆಯದು ಗಂಡನ ಮನೆಯದು. ಇದು ಇವರ ಕಡೆ ನಡೆದುಬಂದ ಪದ್ಧತಿ. ಮೊದಲನೆಯದರಲ್ಲಿ ಏನು ಹೆಚ್ಚುಕಮ್ಮಿಯಾದರೂ ಮಾತು ಹೆತ್ತ ತಾಯಿಯ ಮೇಲೆ ಬರುತ್ತದೆ. ಬೇರೆ ತಾಯಂದಿರಿಗೆ ಆ ಭಯ ಇರುತ್ತದೆ. ಗಂಗಲಕ್ಷ್ಮಮ್ಮನಿಗೆ ಇದ್ದದ್ದು ಭಯವಲ್ಲ, ಸೊಕ್ಕು. ಪಕ್ಕದ ಮನೆಯ ಚಿಕ್ಕಗಂಗಮ್ಮನ ಮಗಳಿಗೆ ಆಪರೇಷನ್ ಮಾಡಿ ಮಗು ತೆಗೆದರೆಂದು ಸುದ್ದಿ ಬಂದ ದಿನ, ನಲ್ಲಿಯ ಮುಂದೆ ನಾಲ್ಕು ಜನ ಕೇಳುವಂತೆ ಅವಳೇ ಅಂದಿದ್ದಳು: "ಒಂಬತ್ತು ತಿಂಗಳು ಟಿವಿ ಮುಂದೆ ಕೂರಿಸಿದ್ರೆ ಇನ್ನೇನಾಯ್ತದೆ? ಕೊಯ್ದೇ ತೆಗೀಬೇಕು. ನನ್ನ ಮಗಳನ್ನ ನೋಡ್ತಿರಿ, ಹೆತ್ತು ಎದ್ದು ನಡ್ಕೊಂಡು ಬತ್ತಾಳೆ." ಚಿಕ್ಕಗಂಗಮ್ಮ ತನ್ನ ಕೊಡ ಎತ್ತಿಕೊಂಡು ಹೋಗಿದ್ದಳು. ಆ ಕೊಡ ಇನ್ನೂ ಅರ್ಧವೇ ತುಂಬಿತ್ತು.

ಮಾನಸಾ ಹೆತ್ತು ನಡೆದುಕೊಂಡು ಬರಲಿಲ್ಲ. ಗುಬ್ಬಿಯಲ್ಲಿ ಒಂದು ಹಗಲು ನೋವು ತಿಂದಳು. ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಅಲ್ಲಿಂದ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ತುಮಕೂರಿನಲ್ಲಿ ಕಾಳಯ್ಯ ಸಹಿ ಹಾಕಿದ. ಅರ್ಧ ಗಂಟೆಯಲ್ಲಿ ಹೆಣ್ಣುಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಗಂಗಲಕ್ಷ್ಮಮ್ಮನ ಕೈಗೆ ಕೊಟ್ಟರು. ತಾಯಿ ಮಗು ಇಬ್ಬರೂ ಉಳಿದಿದ್ದರು. ಅಷ್ಟು ಸಾಕಿತ್ತು. ಆದರೆ ಅಷ್ಟರಲ್ಲಿ ಫೋನು ಬಂತು.

"ಏನ್ ಬೀಗ್ತಿ, ಆಯ್ತಾ?" ಕದರಮ್ಮನ ದನಿ.

"ಆಯ್ತು. ಹೆಣ್ಣುಮಗು."

"ಲಕ್ಷ್ಮಿ ಬಂದ್ಲು ಬುಡಿ. ನಾರ್ಮಲ್ಲೇ ತಾನೆ? ಕೇಳೋದೇನೈತೆ, ನಿಮ್ಮ ಕೈಯಾಗೆ ಬೆಳೆದ ಹುಡುಗಿ!"

ಗಂಗಲಕ್ಷ್ಮಮ್ಮ ಬಾಯಿ ತೆರೆದಳು. ನಿಜ ಹೇಳುವುದಕ್ಕೇ ತೆರೆದದ್ದು. ನಲ್ಲಿಯ ಮುಂದಿನ ಅರ್ಧ ತುಂಬಿದ ಕೊಡ ಅವಳ ಕಣ್ಣ ಮುಂದೆ ಬಂತು. "ಹೂಂ, ನಾರ್ಮಲ್ಲು" ಅಂದುಬಿಟ್ಟಳು.

ಸುಳ್ಳನ್ನು ಸಾಕಲು ಎಲ್ಲರೂ ಸೇರಿದರು. ಅಳಿಯ ಭಾನುಪ್ರಕಾಶ ಆಸ್ಪತ್ರೆಗೆ ಬಂದು ನೋಡಿ, "ಅವ್ವಂಗೆ ಆಮೇಲೆ ನಿಧಾನವಾಗಿ ನಾನೇ ಹೇಳ್ತೀನಿ ಬಿಡಿ ಅತ್ತೆ" ಅಂದ. ಅವನು ಮೆತ್ತಗಿನ ಮನುಷ್ಯ. ಅವನ 'ಆಮೇಲೆ' ಬರಲೇ ಇಲ್ಲ. ಕದರಮ್ಮನಿಗೆ ಕಾಲು ಉಳುಕಿದ್ದರಿಂದ ಅವಳು ಆಸ್ಪತ್ರೆಗೆ ಬರಲಿಲ್ಲ. ಎಂಟನೆಯ ದಿನ ಮಗಳನ್ನು ಮನೆಗೆ ಕರೆತಂದರು. ಹೊಲಿಗೆಯ ಮೇಲೆ ಎರಡು ವಾರ ನೀರು ಬೀಳಬಾರದು ಎಂದು ನರ್ಸು ಎರಡು ಸಲ ಹೇಳಿ ಕಳಿಸಿದ್ದಳು. ಗಂಗಲಕ್ಷ್ಮಮ್ಮ ಬಾಗಿಲು ಹಾಕಿಕೊಂಡು ಮಗಳ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಊರಿನವರಿಗೆ ಕಾಣಲೆಂದು ಬಚ್ಚಲ ಒಲೆಗೆ ಬೆಂಕಿಯನ್ನೂ ಹಾಕುತ್ತಿದ್ದಳು.

ಹನ್ನೊಂದನೆಯ ದಿನ ಕದರಮ್ಮ ಬಂದಳು. ಬೆಣ್ಣೆ, ಬೆಳ್ಳುಳ್ಳಿ, ಮಗುವಿಗೆ ಉಡಿದಾರ, ಎಲ್ಲ ತಂದಿದ್ದಳು. ಕಾಲು ಇನ್ನೂ ಕುಂಟುತ್ತಿತ್ತು.

"ನೀವು ನೀರು ಹಾಕೋದ್ನ ನೋಡ್ಬೇಕು ಅಂತ್ಲೇ ಮೊದಲನೇ ಬಸ್ ಹತ್ತಿದ್ದು ಬೀಗ್ತಿ. ನಮ್ಮ ಕಡೆ ಈಗ ಯಾರಿಗೂ ಬರಲ್ಲ. ಕಲ್ತ್ಕೊಂಡು ಹೋಯ್ತೀನಿ."

ಆಗಲಾದರೂ ಹೇಳಬಹುದಿತ್ತು. ಮಗಳಿಗೆ ಇವತ್ತು ಮೈ ಸರಿಯಿಲ್ಲ ಎಂದಾದರೂ ಹೇಳಬಹುದಿತ್ತು. ಗಂಗಲಕ್ಷ್ಮಮ್ಮ ಅದೇನನ್ನೂ ಹೇಳದೆ, ಹೊಲಿಗೆ ಕಾಣದಂತೆ ಮಾನಸಾಳ ಸೊಂಟಕ್ಕೆ ಒಂದು ಹಳೆಯ ಸೀರೆ ಸುತ್ತಿ ಬಚ್ಚಲಿಗೆ ಕರೆತಂದಳು. ಮೊದಲು ಬೆನ್ನಿಗೆ ಹಾಕಿದಳು, ಆಮೇಲೆ ತೊಡೆಗೆ. ಹೊಟ್ಟೆಯ ಕಡೆ ಬಂದಾಗ ಚೆಂಬು ತಾನಾಗಿ ಬಾಗಿ ನೀರು ಹನಿಹನಿಯಾಗಿ ಬಿತ್ತು.

"ಇದೇನ್ ಬೀಗ್ತಿ, ಗಿಡಕ್ಕೆ ನೀರು ಹಾಕ್ದಂಗೆ ಹಾಕ್ತೀರ!" ಬಾಗಿಲಲ್ಲಿ ನಿಂತ ಕದರಮ್ಮ ನಕ್ಕಳು. "ಮಗಳು ಅಂತ ಮೋಹವಾ? ಹೊಟ್ಟೆಗೆ ಬಿಗಿಯಾಗಿ ಬೀಳ್ಲಿ. ಬಿಸಿಯಾಗೇ ಬೀಳ್ಲಿ."

ಗಂಗಲಕ್ಷ್ಮಮ್ಮ ಬಿಗಿಯಾಗಿ ಹಾಕಿದಳು. ಊರಿನ ಬಾಣಂತಿಯರಿಗೆ ಹಾಕುವ ಹಾಗೇ ಹಾಕಿದಳು. ಮಾನಸಾ ತಾಯಿಯ ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ಬಾಯಿಂದ ಒಂದು ಸದ್ದೂ ಬರಲಿಲ್ಲ. ಅವಳಿಗೂ ಸುಳ್ಳು ಗೊತ್ತಿತ್ತಲ್ಲ. ಆಮೇಲೆ ಮಗಳನ್ನು ಕದರಮ್ಮನಿಗೆ ಬೆನ್ನು ಮಾಡಿ ನಿಲ್ಲಿಸಿ ಹೊಟ್ಟೆಯನ್ನು ಎಂದಿನಂತೆ ಕಟ್ಟಿದ್ದೂ ಆಯಿತು. ಕದರಮ್ಮ ಸೀರೆಯ ತುದಿ ಹಿಡಿದು ಎಳೆದು ಕೊಟ್ಟಳು.

ಅದಾದ ಮೂರನೆಯ ದಿನಕ್ಕೆ ಹೊಲಿಗೆಯ ಒಂದು ಕೊನೆ ಬಿಚ್ಚಿಕೊಂಡು ಕೀವು ಬಂತು. ಮೈ ಸುಡುವ ಜ್ವರ. ಮತ್ತೆ ತುಮಕೂರು, ಮತ್ತೆ ಆರು ದಿನ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಡ್ರೆಸ್ಸಿಂಗು. ಮಾನಸಾ ತನ್ನ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡದ್ದು ಮೂರು ತಿಂಗಳ ಮೇಲೆ. ಕದರಮ್ಮನಿಗೆ ಹೇಳಿದ್ದು, "ಹಾಲು ಕಟ್ಟಿ ಜ್ವರ ಬಂದೈತೆ" ಎಂದು. ಆಪರೇಷನ್ನಿನ ಕಾಗದಗಳನ್ನು ಗಂಗಲಕ್ಷ್ಮಮ್ಮ ಹೊಟ್ಟೆ ಕಟ್ಟುವ ಆ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಳು. ಸೀರೆಯನ್ನೂ ಮತ್ತೆ ಹೊರಗೆ ತೆಗೆಯಲಿಲ್ಲ, ಕಾಗದವನ್ನೂ ತೆಗೆಯಲಿಲ್ಲ. ಅವಳ ಕೈ ನೋವು ಶುರುವಾದದ್ದು ಆಗಲೇ.

ಈ ವರ್ಷ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಮಾನಸಾ ಫೋನು ಮಾಡಿದಳು. ಅವಳಿಗೆ ಆಗ ಎಂಟು ತಿಂಗಳು ತುಂಬಿತ್ತು.

"ಅಮ್ಮ, ಡಾಕ್ಟ್ರು ಹಳೇ ಆಪರೇಷನ್ ಪೇಪರ್ ಕೇಳ್ತಾ ಇದಾರೆ. ಎಲ್ಲಿಟ್ಟಿದೀಯ?"

"ಯಾವ ಡಾಕ್ಟ್ರು? ಯಾಕೆ?"

ಮಾನಸಾ ನಿಧಾನವಾಗಿ ಹೇಳಿದಳು. ಬಸಿರು ಬರೆಸುವ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, "ಮೊದಲನೇದು ಏನಾಗಿತ್ತು?" ಅಂತ ಕೇಳಿದಳಂತೆ. ಪಕ್ಕದಲ್ಲಿ ಅತ್ತೆ ಕೂತಿದ್ದರು. ಮಾನಸಾ ಉತ್ತರಿಸುವ ಮೊದಲೇ ಅತ್ತೆಯೇ, "ನಾರ್ಮಲ್ಲು ಕಣವ್ವ, ಅವರಮ್ಮ ಅಂಥೋರು" ಎಂದುಬಿಟ್ಟರು. ತಾಯಿ ಕಾರ್ಡಿನಲ್ಲಿ ಹಾಗೇ ಬರೆದುಹೋಯಿತು. ಹೋದ ವಾರ ಸ್ಕ್ಯಾನಿಂಗಿಗೆ ಹೋದಾಗ ಡಾಕ್ಟರಮ್ಮ ಹೊಟ್ಟೆಯ ಗಾಯದ ಗುರುತು ನೋಡಿ ಕೆಂಡಾಮಂಡಲವಾಗಿದ್ದರು.

"ಅತ್ತೆ ಬರೋ ಸೋಮವಾರ ಬಂದು ನನ್ನ ಕುಣಿಗಲ್‌ಗೆ ಕರ್ಕೊಂಡು ಹೋಗ್ತಾರಂತೆ. ಎರಡನೇದು ನಮ್ಮನೇದು, ಊರ ಪಕ್ಕದ ಸಣ್ಣ ಆಸ್ಪತ್ರೇಲಿ ನರ್ಸಮ್ಮ ಚೆನ್ನಾಗಿ ಮಾಡಿಸ್ತಾಳೆ ಅಂತ. ಡಾಕ್ಟ್ರು ಬೈದ್ರು. ಹೊಟ್ಟೇಲಿ ಹಳೇ ಹೊಲಿಗೆ ಇಟ್ಕೊಂಡು ಆಪರೇಷನ್ ಥಿಯೇಟರ್ ಇಲ್ಲದ ಕಡೆ ನೋವು ತಿನ್ನೋ ಹಾಗಿಲ್ಲ ಅಂದ್ರು." ಸ್ವಲ್ಪ ತಡೆದು ಅವಳು ಮತ್ತೆ ಹೇಳಿದಳು. "ಈ ಸಲ ನಾರ್ಮಲ್ ಆಗೋ ಚಾನ್ಸ್ ಇದೆಯಂತೆ ಅಮ್ಮ. ನಂಗೆ ಅದು ಬೇಕು. ನಮ್ಮ ಸುಳ್ಳನ್ನ ನಿಜ ಮಾಡೋಕಲ್ಲ. ಪುಟ್ಟೀನ ಮೂರು ತಿಂಗಳು ಎತ್ಕೊಳ್ಳೋಕೆ ಆಗಲಿಲ್ಲ. ಈ ಮಗೂನಾದ್ರೂ ಮೊದಲ ದಿನಾನೇ ಎತ್ಕೋಬೇಕು."

ಗಂಗಲಕ್ಷ್ಮಮ್ಮ ಟ್ರಂಕು ತೆಗೆದಳು. ಸೀರೆ ಬಿಚ್ಚಿದಾಗ ಅದರ ಮಡಿಕೆಯಲ್ಲಿ ಹರಳೆಣ್ಣೆಯ ವಾಸನೆ ಹಾಗೇ ಇತ್ತು. ಕಾಗದಗಳು ಚೂರೂ ಹಾಳಾಗಿರಲಿಲ್ಲ.

ಸೋಮವಾರ ಅಡುಗೆಮನೆಯ ಕೆಲಸ ಇನ್ನೊಬ್ಬಳಿಗೆ ಒಪ್ಪಿಸಿ ಅವಳು ಗುಬ್ಬಿಗೆ ಬಂದು ತುಮಕೂರಿನ ಬಸ್ ಹತ್ತಿದಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಜೋಡಿಸಿದ ಮಾತಿನಲ್ಲೆಲ್ಲ ತಪ್ಪು ಇನ್ಯಾರದೋ ಮೇಲೆ ಹೋಗುತ್ತಿತ್ತು. ಒಮ್ಮೆ ಅಳಿಯನ ಮೇಲೆ, ಒಮ್ಮೆ ಬಾಗಿಲಲ್ಲಿ ನಿಂತು ನಕ್ಕ ಬೀಗಿತಿಯ ಮೇಲೆ. ಮಲ್ಲಸಂದ್ರ ದಾಟುವ ಹೊತ್ತಿಗೆ ಅವಳಿಗೇ ಹೇಸಿಗೆಯಾಯಿತು.

ಶೆಟ್ಟಿಹಳ್ಳಿಯ ಮನೆಯಲ್ಲಿ ಕದರಮ್ಮ ಆಗಲೇ ಬಂದಿದ್ದಳು. ಒಂದು ಚೀಲ ಅವರೆಕಾಯಿ ತಂದಿದ್ದಳು. ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಕೂತು ಅವರೆಕಾಯಿಯನ್ನು ಒಂದೊಂದಾಗಿ ನೆಲಕ್ಕೆ ಎಸೆಯುತ್ತಿತ್ತು.

"ಬನ್ನಿ ಬೀಗ್ತಿ. ಕಡಬದ ಕೆರೆ ತುಂಬೈತೆ ಅಂತಾರೆ, ನಿಮ್ಮ ಮುಖ ಯಾಕೆ ಹಿಂಗೆ ಬತ್ತೋಗೈತೆ?"

"ಬಿಸ್ಲು" ಅಂದಳು ಗಂಗಲಕ್ಷ್ಮಮ್ಮ.

ಆಸ್ಪತ್ರೆಗೆ ಅವಳು ಮತ್ತು ಮಾನಸಾ ಇಬ್ಬರೇ ಹೋದರು. ಡಾಕ್ಟರಮ್ಮ ವಯಸ್ಸಿನಲ್ಲಿ ಮಾನಸಾಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಕಾಗದಗಳನ್ನು ಒಂದೊಂದೇ ತಿರುವಿ ಓದಿದರು. ಹಿಂದಿನ ಸಲ ಗರ್ಭಕೋಶವನ್ನು ಕೆಳಗಡೆ ಅಡ್ಡಕ್ಕೆ ಕೊಯ್ದಿದ್ದಾರೆ, ಅದು ಒಳ್ಳೆಯದೆಂದರು. ಮೂರು ವರ್ಷದ ಅಂತರವೂ ಇದೆ, ಮಗುವಿನ ತಲೆ ಈಗ ಕೆಳಗೇ ಇದೆ. ಇಂಥವರಲ್ಲಿ ಹತ್ತಕ್ಕೆ ಆರೇಳು ಜನಕ್ಕೆ ನಾರ್ಮಲ್ ಆಗುತ್ತದೆ. ಇನ್ನೂರಕ್ಕೆ ಒಬ್ಬರಿಗೋ ಏನೋ ಹಳೆಯ ಹೊಲಿಗೆ ಒಳಗೇ ಬಿಚ್ಚಿಕೊಳ್ಳಬಹುದು. ಹಾಗಾದರೆ ನಿಮಿಷಗಳಲ್ಲಿ ಆಪರೇಷನ್ ಆಗಬೇಕು. ಅದಕ್ಕೇ ನೋವು ಶುರುವಾದ ಕೂಡಲೇ ಇಲ್ಲಿಗೇ ಬರಬೇಕು, ಮನೆಯಲ್ಲಿ ಕಾಯುವ ಹಾಗಿಲ್ಲ ಎಂದರು. ಆಮೇಲೆ ಕಾಗದದಿಂದ ತಲೆ ಎತ್ತಿದರು.

"ಗಾಯ ಬಿಚ್ಕೊಂಡು ಮತ್ತೆ ಅಡ್ಮಿಟ್ ಆಗಿದ್ದು ಅಂತ ಇದೆ. ಹೇಗಾಯ್ತು ಅದು?"

ಮಾನಸಾ ತನ್ನ ಬಳೆಯನ್ನು ತಿರುಗಿಸುತ್ತ ಕೂತಳು. ಮೂರು ವರ್ಷ ಅವಳು ಯಾರಿಗೂ ಹೇಳಿರಲಿಲ್ಲ, ತಾಯಿಗೆ ಒಂದು ಮಾತೂ ಅಂದಿರಲಿಲ್ಲ. ಈಗಲೂ ಅನ್ನುವುದಿಲ್ಲ ಎಂದು ಗಂಗಲಕ್ಷ್ಮಮ್ಮನಿಗೆ ಗೊತ್ತಾಯಿತು.

"ನಾನು ಬಿಸಿನೀರು ಹಾಕ್ದೆ" ಅಂದಳು. "ಹನ್ನೊಂದನೇ ದಿನ. ಹೊಟ್ಟೆ ಮೇಲೇ. ಆಮೇಲೆ ಬಿಗಿಯಾಗಿ ಕಟ್ಟಿದೆ."

"ಹಾಕಬಾರದು ಅಂತ ಹೇಳಿರಲಿಲ್ವಾ?"

"ಹೇಳಿದ್ರು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೇಲಿನ ಗಾಯ ಪೂರ್ತಿ ಮಾಯ್ದಿದೆ, ಒಳಗಿನದಕ್ಕೆ ತೊಂದರೆಯಾಗಿರಲಿಲ್ಲ ಎಂದು ಇಲ್ಲಿ ಬರೆದಿದೆ, ಅದರಿಂದ ಪ್ರಯತ್ನ ಮಾಡಬಹುದು ಎಂದು ಹೇಳಿ ಏನೋ ಬರೆದುಕೊಂಡರು. ಆಮೇಲೆ ಕೇಳಿದರು: "ಹೆರಿಗೆ ಸಮಯಕ್ಕೆ ಇವರ ಜೊತೆ ಮನೇಲಿ ಯಾರಿರ್ತಾರೆ?"

"ನಮ್ಮ ಅತ್ತೆ" ಅಂದಳು ಮಾನಸಾ.

"ಅವರಿಗೆ ಇದೆಲ್ಲ ಗೊತ್ತಾ?"

ಮಾನಸಾ ತಾಯಿಯ ಕಡೆ ನೋಡಿದಳು.

"ಗೊತ್ತಿರಬೇಕು. ನೋವು ಬಂದಾಗ ಜೊತೇಲಿರೋರು ಇನ್ನೂ ಸ್ವಲ್ಪ ತಡ್ಕೋ ಅಂದ್ರೆ ನಮ್ಮ ಪ್ಲ್ಯಾನ್ ಎಲ್ಲ ಅಲ್ಲೇ ಮುಗೀತು."

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಪುಟ್ಟಿ ಮಲಗಿತ್ತು. ಕದರಮ್ಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗಂಗಲಕ್ಷ್ಮಮ್ಮ ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಮಾನಸಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಡಾಕ್ಟ್ರು ಏನಂದ್ರು? ನಾಳೆ ಬೆಳಿಗ್ಗೆ ಕುಣಿಗಲ್ ಬಸ್ಸಿಗೆ ಹೊರಟ್ರೆ ಸರಿ ಅಲ್ವಾ? ಹಿಸುಕಿದಬೇಳೆ ಸಾರು ಉಂಡ್ಕೊಂಡು..."

"ಬೀಗ್ತಿ, ಮೊದಲನೇದು ನಾರ್ಮಲ್ ಅಲ್ಲ."

ಕದರಮ್ಮ ಕಾಯಿ ಸುಲಿಯುತ್ತಲೇ ಇದ್ದಳು. "ಏನು ನಾರ್ಮಲ್ ಅಲ್ಲ?"

"ಪುಟ್ಟಿ ಆಗಿದ್ದು ಆಪರೇಷನ್ನಾಗೆ. ನಾನು ಫೋನಲ್ಲಿ ಸುಳ್ಳು ಹೇಳ್ದೆ. ನೀವು ಬಂದ ದಿನ... ಆ ಹೊಟ್ಟೆ ಮೇಲೆ ಹೊಲಿಗೆ ಇತ್ತು. ಹಸಿ ಹೊಲಿಗೆ. ಆಮೇಲೆ ಬಂದ ಜ್ವರ ಹಾಲು ಕಟ್ಟಿದ್ದಲ್ಲ. ಹೊಲಿಗೆ ಬಿಚ್ಕೊಂಡು ಕೀವಾಗಿದ್ದು."

ಬಸ್ಸಿನಲ್ಲಿ ಜೋಡಿಸಿದ ಯಾವ ಮಾತೂ ಬಾಯಿಗೆ ಬರಲಿಲ್ಲ. ಕದರಮ್ಮನ ಕೈ ನಿಂತಿತು. ಅವಳು ಮಾನಸಾಳ ಕಡೆ ನೋಡಿದಳು. ಮಾನಸಾ ಹೌದು ಎಂದು ತಲೆಯಾಡಿಸಿದಳು.

"ಅವತ್ತು ನಾನು ಬಾಗ್ಲಾಗೆ ನಿಂತ್ಕೊಂಡು ಏನಂದೆ?" ಕದರಮ್ಮ ಕೇಳಿದಳು. ದನಿ ಏರಿರಲಿಲ್ಲ. "ಬಿಗಿಯಾಗಿ ಬೀಳ್ಲಿ ಅಂದ್ನಲ್ಲ?"

"ಹೂಂ."

"ನೀನು ಹಾಕ್ದೆ."

ಇಷ್ಟು ವರ್ಷ ನೀವು ಎನ್ನುತ್ತಿದ್ದವಳು ನೀನು ಎಂದಳು. ಗಂಗಲಕ್ಷ್ಮಮ್ಮ ತಲೆ ಎತ್ತಲಿಲ್ಲ. "ಹೂಂ."

"ಸೀರೆ ತುದಿ ಎಳೆದು ಕೊಟ್ಟೋಳೂ ನಾನೇ. ನನ್ನ ಸೊಸೆ ಗಾಯನ ನನ್ನ ಕೈಲೇ ಬಿಗಿಸ್ದೆ. ನಿಜ ಹೇಳಿದ್ರೆ ನಾನು ನಿನ್ನ ಮಗಳನ್ನ ತಿಂದ್ಬುಡ್ತಿದ್ನೇನೆ? ಅಷ್ಟು ಕೆಟ್ಟೋಳಾಗಿ ಕಂಡ್ನಾ ನಿನ್ನ ಕಣ್ಣಿಗೆ?"

"ಕೆಟ್ಟೋಳು ನೀವಲ್ಲ ಬೀಗ್ತಿ. ನಾನು."

ಕದರಮ್ಮ ಎದ್ದು ಕೈ ತೊಳೆದಳು. ಗೋಡೆಯ ಮೊಳೆಯಲ್ಲಿದ್ದ ತನ್ನ ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು ಸೊಸೆಗೆ, "ನಿನಗೂ ಬಾಯಿರಲಿಲ್ವಾ? ನನ್ನ ಮಗನಿಗೂ ಇರಲಿಲ್ವಾ?" ಅಂದು ಇಳಿದು ಹೋದಳು. ಅತ್ತೆ, ಊಟ ಮಾಡಿ ಹೋಗಿ ಎಂದು ಮಾನಸಾ ಮೆಟ್ಟಿಲವರೆಗೆ ಹೋದಳು. ಕದರಮ್ಮ ತಿರುಗಿ ನೋಡಲಿಲ್ಲ.

ಗಂಗಲಕ್ಷ್ಮಮ್ಮ ಅಲ್ಲೇ ಕೂತು ಅವರೆಕಾಯಿಯನ್ನೆಲ್ಲ ಸುಲಿದಳು. ಕೊನೆಯ ಕಾಯಿಯವರೆಗೂ ಸುಲಿದಳು. ಸಂಜೆ ಭಾನುಪ್ರಕಾಶ ಕೆಲಸದಿಂದ ಬಂದ. ವಿಷಯ ಕೇಳಿ, ಒಂದು ಮೂಲೆಯಲ್ಲಿ ಕೂತು ಸಾಕ್ಸನ್ನು ಒಂದು ಕಾಲಿಂದ ಮಾತ್ರ ಬಿಚ್ಚಿ, ಇನ್ನೊಂದನ್ನು ಮರೆತ.

ಕಡಬಕ್ಕೆ ಬಂದ ಮೇಲೆ ಹತ್ತು ದಿನ ಅವಳು ಫೋನನ್ನು ಸೆರಗಿನಲ್ಲೇ ಇಟ್ಟುಕೊಂಡು ಓಡಾಡಿದಳು. ಅಡುಗೆಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪು ಹಾಕುವುದು ಮರೆತಳು. ಮಕ್ಕಳು ಹೇಳಿದಾಗ ನಾಚಿಕೆಯಿಂದ ಅವರ ತಟ್ಟೆಗೆ ಒಂದೊಂದಾಗಿ ಉಪ್ಪು ಹಾಕಿಕೊಂಡು ಬಂದಳು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಚಿಕ್ಕಗಂಗಮ್ಮ ಒಬ್ಬಳೇ ಸಿಕ್ಕಳು. ಗಂಗಲಕ್ಷ್ಮಮ್ಮ ಅವಳಿಗೂ ಹೇಳಿಬಿಟ್ಟಳು.

ಚಿಕ್ಕಗಂಗಮ್ಮ ಕೊಡ ತುಂಬುವವರೆಗೆ ನೋಡಿ, "ಗೊತ್ತಿತ್ತು ಕಣೆ" ಅಂದಳು. "ಹೆತ್ತೋಳು ಹೆಂಗೆ ನಡೀತಾಳೆ, ಕೊಯ್ಸ್ಕೊಂಡೋಳು ಹೆಂಗೆ ನಡೀತಾಳೆ ಅಂತ ನನ್ನ ಮಗಳನ್ನ ನೋಡಿ ಗೊತ್ತಿರಲ್ವಾ ನಂಗೆ? ನಿನ್ನಂಗೆ ನಾನೂ ಹತ್ತು ಜನದ ಮುಂದೆ ಅಂದುಬುಡ್ಲಾ ಅನ್ನಿಸ್ತು. ಮಾನಸಾನ ಮುಖ ನೋಡಿ ಸುಮ್ಮನಾದೆ."

ಊರು ಯಾಕೆ ಕೈ ನೋವಿನ ಬಗ್ಗೆ ಕೇಳಲಿಲ್ಲ ಎಂಬುದು ಗಂಗಲಕ್ಷ್ಮಮ್ಮನಿಗೆ ಆಗ ತಿಳಿಯಿತು. ಅವಳು ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

ಹನ್ನೊಂದನೆಯ ದಿನ ಮಾನಸಾಳ ಫೋನು. ದನಿ ಮೆಲ್ಲಗಿತ್ತು. "ಅತ್ತೆ ಬಂದವ್ರೆ ಅಮ್ಮ, ನಾಲ್ಕು ದಿನ ಆಯ್ತು. ಹಾಸಿಗೆ ಸುತ್ಕೊಂಡು ಬಂದವ್ರೆ. ನಾನೇ ಇಲ್ಲಿರ್ತೀನಿ, ಇವಳು ಕುಣಿಗಲ್‌ಗೆ ಬರೋದು ಬೇಡ ಅಂದ್ರು. ತಮ್ಮ ಮಗನಿಗೆ ಬೈದ್ರು ನೋಡು, ಮೇಲ್ಗಡೆ ಮನೆಯೋರು ಇಳಿದು ಬಂದಿದ್ರು. ಡಾಕ್ಟ್ರ ಹತ್ರಾನೂ ಬಂದು ಎಲ್ಲ ಕೇಳಿಸ್ಕೊಂಡ್ರು. ಈಗ ಬಾಗಿಲ ಹಿಂದೆ ಮೊಳೆ ಹೊಡೆದು ಫೈಲ್‌ನ ಒಂದು ಚೀಲದಲ್ಲಿ ಹಾಕಿ ನೇತಾಕವ್ರೆ. ದಿನಾ ಬೆಳಿಗ್ಗೆ ಎದ್ದು ಅದು ಅಲ್ಲೇ ಇದೆಯಾ ಅಂತ ಮುಟ್ಟಿ ನೋಡ್ತಾರೆ."

"ನನ್ನ ಬಗ್ಗೆ ಏನಾದ್ರೂ..."

"ಇಲ್ಲ ಅಮ್ಮ. ನಿನ್ನ ಹೆಸರು ಎತ್ತಲ್ಲ."

ಫೆಬ್ರವರಿ ಕೊನೆಯಲ್ಲಿ, ಒಂದು ಬೆಳಿಗ್ಗೆ ಏಳು ಗಂಟೆಗೆ ನೋವು ಶುರುವಾಯಿತು. ಕದರಮ್ಮ ಆಟೋ ಕೂಗಿ, ಚೀಲ ಹೆಗಲಿಗೆ ಹಾಕಿಕೊಂಡು, ಏಳೂವರೆಗೆಲ್ಲ ಸೊಸೆಯನ್ನು ಆಸ್ಪತ್ರೆಯಲ್ಲಿ ಇಳಿಸಿದ್ದಳು. ಗಂಗಲಕ್ಷ್ಮಮ್ಮ ಮತ್ತು ಕಾಳಯ್ಯ ಬಂದಾಗ ಹನ್ನೊಂದು. ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕದರಮ್ಮ ಒಂದು ತುದಿಗೆ ಕೂತಿದ್ದಳು. ಗಂಗಲಕ್ಷ್ಮಮ್ಮ ಇನ್ನೊಂದು ತುದಿಗೆ ಕೂತಳು. ನಡುವೆ ಯಾರ್ಯಾರೋ ಊರಿನ ಆರೇಳು ಜನ.

ಎರಡು ಗಂಟೆಗೆ ನರ್ಸುಗಳ ಪಾಳಿ ಬದಲಾಯಿತು. ಹೊಸದಾಗಿ ಬಂದ ಹುಡುಗಿ ತಾಯಿ ಕಾರ್ಡು ಹಿಡಿದು ಹೊರಗೆ ಬಂದಳು. "ಮಾನಸಾ ಕಡೆಯವರು ಯಾರು? ಇದರಲ್ಲಿ ಮೊದಲನೇದು ನಾರ್ಮಲ್ ಅಂತ ಬರೆದಿದೆಯಲ್ಲ?"

ಗಂಗಲಕ್ಷ್ಮಮ್ಮ ಎದ್ದು ನಿಂತಳು. ತನಗೆ ತಿಳಿಯದೆ ದನಿ ದೊಡ್ಡದಾಯಿತು. "ಅಲ್ಲ ಸಿಸ್ಟರ್! ಆಪರೇಷನ್ನು. ಹೊಲಿಗೆ ಬಿಚ್ಕೊಂಡು ಕೀವೂ ಆಗಿತ್ತು. ನಾನು ಅವಳ ತಾಯಿ. ನಾನೇ ಬಿಸಿನೀರು ಹಾಕಿ ಹಂಗಾಗಿದ್ದು. ಆ ಕಾರ್ಡಿನಾಗಿರೋದು ಸುಳ್ಳು."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನರ್ಸು ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಸರಿ ಅಮ್ಮ, ಸರಿ. ಫೈಲಲ್ಲಿ ಡಾಕ್ಟ್ರು ಎಲ್ಲ ಬರೆದಿದಾರೆ. ನಾನು ಸುಮ್ನೆ ಕೇಳ್ದೆ."

ಅವಳು ಒಳಗೆ ಹೋದಳು. ಗಂಗಲಕ್ಷ್ಮಮ್ಮ ಕೂರಲು ತಿರುಗಿದಳು. ಕೂತಿದ್ದ ಜಾಗದಲ್ಲಿ ಇನ್ನಾರೋ ಕೂತಿದ್ದರು. ಆ ತುದಿಯಲ್ಲಿ ಕದರಮ್ಮ ತನ್ನ ಚೀಲವನ್ನು ಬೆಂಚಿನ ಮೇಲಿಂದ ತೆಗೆದು ತೊಡೆಗೆ ಹಾಕಿಕೊಂಡಳು. ಒಬ್ಬರು ಕೂರುವಷ್ಟು ಜಾಗವಾಯಿತು. ಅವಳು ಕರೆಯಲಿಲ್ಲ. ಗಂಗಲಕ್ಷ್ಮಮ್ಮ ಹೋಗಿ ಕೂತಳು.

ನಾಲ್ಕೂ ಇಪ್ಪತ್ತಕ್ಕೆ ಹೆರಿಗೆಯಾಯಿತು. ನಾರ್ಮಲ್. ಇನ್ನೊಂದು ಹೆಣ್ಣುಮಗು. ಒಳಗೆ ಬಿಟ್ಟಾಗ ಮಾನಸಾ ಬೆವೆತ ಮುಖದಲ್ಲಿ, ಮಗುವನ್ನು ಎದೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಯಾರು ಕೇಳಿದರೂ ಕೊಡಲಿಲ್ಲ.

"ನಿಮ್ಮ ಕೈಗುಣ ಕಣಮ್ಮ" ಎಂದು ಪಕ್ಕದ ಹಾಸಿಗೆಯ ಹೆಂಗಸು ಗಂಗಲಕ್ಷ್ಮಮ್ಮನಿಗೆ ಹೇಳಿದಳು. ಅವಳು ಹೊರಗಿನ ಮಾತು ಕೇಳಿರಲಿಲ್ಲ. ಗಂಗಲಕ್ಷ್ಮಮ್ಮ ತನ್ನ ಎರಡೂ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು.

ಎರಡನೆಯ ಬಾಣಂತನ ಗಂಡನ ಮನೆಯದು. ಆದ್ದರಿಂದ ಶೆಟ್ಟಿಹಳ್ಳಿಯಲ್ಲಿ ಎಲ್ಲ ಕದರಮ್ಮನದೇ ಆಡಳಿತ. ಸ್ನಾನ ಮಾಡಿಸಬಹುದು, ನೀರು ಹದವಾಗಿರಲಿ, ಸುಡುವ ನೀರು ಬೇಡ ಎಂದು ಡಾಕ್ಟರಮ್ಮ ಅವಳಿಗೇ ಹೇಳಿದ್ದರು. ಮಗುವನ್ನು ನೋಡಲು ಗಂಗಲಕ್ಷ್ಮಮ್ಮ ಐದನೆಯ ದಿನ ಬಂದಾಗ ಕದರಮ್ಮ ಬಚ್ಚಲಲ್ಲಿ ಗೀಸರಿನ ನಲ್ಲಿ ತಿರುಗಿಸಿ ಬಕೆಟ್ಟು ತುಂಬಿಸುತ್ತಿದ್ದಳು.

"ಬಾ, ನೀರು ಹಾಕು."

"ಬೇಡ ಬೀಗ್ತಿ. ನನ್ನ ಕೈ..."

"ಕೈ ನೋವಾ? ಆ ಕಥೆ ಕಡಬದೋರಿಗೆ ಹೇಳು. ನನಗೆ ಬಗ್ಗಕ್ಕಾಗಲ್ಲ, ಅವತ್ತಿನ ಕಾಲುಳುಕು ಇನ್ನೂ ಹೋಗಿಲ್ಲ. ಬಾ ಅಂದ್ರೆ ಬರ್ಬೇಕು."

ಮಾನಸಾ ಮಣೆಯ ಮೇಲೆ ಕೂತಳು. ಈ ಸಲ ಸೊಂಟಕ್ಕೆ ಸೀರೆ ಸುತ್ತಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಗಂಗಲಕ್ಷ್ಮಮ್ಮ ಆ ಗುರುತನ್ನು ಮೂರು ವರ್ಷಗಳಲ್ಲಿ ಮೊದಲ ಸಲ ನೋಡಿದಳು. ಹೊಟ್ಟೆಯ ಕೆಳಗೆ ತೆಳುವಾದ ಗೆರೆ, ಎಡಕ್ಕೆ ಬರುತ್ತ ಅಗಲವಾಗಿ ಗಂಟುಗಂಟಾಗಿತ್ತು. ಅದು ಡಾಕ್ಟರು ಕೊಯ್ದದ್ದಲ್ಲ. ಆ ಎಡಗಡೆಯದು ತನ್ನದು. ಇನ್ನು ಎಷ್ಟು ಎಣ್ಣೆ ತಿಕ್ಕಿದರೂ ಅದು ಹೋಗುವುದಿಲ್ಲ.

ಅವಳು ಚೆಂಬು ತುಂಬಿದಳು. ಮೊಣಕೈ ಅದ್ದಿ ನೋಡಿದಳು. ಸರಿಯಿದೆ ಎಂದು ಕೈ ಹೇಳಿತು. ಅವಳು ಅದನ್ನು ನಂಬಲಿಲ್ಲ. ಮಗಳ ಪಾದಕ್ಕೆ ಸ್ವಲ್ಪ ಹಾಕಿ, ನಲವತ್ತು ಬಾಣಂತಿಯರಿಗೆ ನೀರು ಹಾಕಿಯೂ ಒಬ್ಬಳನ್ನೂ ಕೇಳದಿದ್ದ ಮಾತನ್ನು ಕೇಳಿದಳು.

"ಸುಡ್ತದೇನವ್ವ?"

ಮಾನಸಾ ತಾಯಿಯ ಮುಖ ನೋಡಿದಳು. ಪರವಾಗಿಲ್ಲ ಎನ್ನುವುದಕ್ಕೆ ಬಾಯಿ ತೆರೆದವಳು, ತಡೆದು, "ಸ್ವಲ್ಪ ಸುಡ್ತದೆ ಅಮ್ಮ" ಅಂದಳು.

ಬಾಗಿಲಲ್ಲಿ ನಿಂತಿದ್ದ ಕದರಮ್ಮ ಒಳಗೆ ಕೈ ಚಾಚಿ ತಣ್ಣೀರಿನ ನಲ್ಲಿ ತಿರುಗಿಸಿದಳು. ಗಂಗಲಕ್ಷ್ಮಮ್ಮ ಬಕೆಟ್ಟಿನಲ್ಲಿ ಕೈ ಆಡಿಸುತ್ತ ಮತ್ತೆ ಕೇಳಿದಳು.

"ಈಗ?"